ರಿಫಾದ ಇಳಿಜಾರಿಗೆ ಹಿಮದೂರಿನ ಸಸಿಗಳು

ಹರಿನಾಥ ಬಹ್ರೇನಿಗೆ ಬಂದು ಇಪ್ಪತ್ತೆರಡು ವರ್ಷವಾಗಿತ್ತು. ಮೂಲ್ಕಿಯ ಕಡೆಯವನು. ಬುದೈಯಾ ರಸ್ತೆಯಲ್ಲಿ ಸ್ವಂತ ನರ್ಸರಿ ಇಟ್ಟುಕೊಂಡು ವಿಲ್ಲಾ, ಹೋಟೆಲು, ಆಫೀಸುಗಳಿಗೆ ತೋಟ ಮಾಡಿಕೊಡುತ್ತಿದ್ದ. ಇಷ್ಟು ವರ್ಷಗಳಲ್ಲಿ ಸಪಾಟು ನೆಲ ಬಿಟ್ಟು ಬೇರೆ ನೆಲ ಅವನ ಕೈಗೆ ಸಿಕ್ಕಿದ್ದೇ ಕಡಿಮೆ. ಹಾಗಾಗಿ ರಿಫಾದ ದಿಬ್ಬದ ಅಂಚಿನಲ್ಲಿದ್ದ ಆ ವಿಲ್ಲಾದ ಹಿತ್ತಲನ್ನು ಮೊದಲ ಸಲ ನೋಡಿದಾಗ ಅವನಿಗೆ ಖುಷಿಯೇ ಆಯಿತು. ಅಡುಗೆಮನೆಯ ಕಿಟಕಿಯ ಬುಡದಿಂದ ಕಾಂಪೌಂಡ್ ಗೋಡೆಯ ತನಕ ನೆಲ ಹನ್ನೆರಡು ಅಡಿ ಇಳಿದಿತ್ತು. ಮೈತುಂಬ ಸುಣ್ಣಕಲ್ಲು. ಗಾಳಿ ಬೀಸಿದರೆ ಬಿಳಿಯ ಪುಡಿ ಏಳುತ್ತಿತ್ತು.

ಕರೆಸಿದವರು ವೆಂಕಟಸುಬ್ಬಯ್ಯ. ಮೈಸೂರಿನ ಎಂಜಿನಿಯರ್, ಐವತ್ತೆಂಟರ ಆಸುಪಾಸು, ಒಂದು ಕಂಪೆನಿಯಲ್ಲಿ ದೊಡ್ಡ ಹುದ್ದೆ. ಅವರು ಹೆಚ್ಚು ಮಾತಾಡಲಿಲ್ಲ. ಫೋನ್ ತೆಗೆದು ಒಂದು ಚಿತ್ರ ತೋರಿಸಿದರು. ಬಂಡೆಯ ಮೇಲೆ ಗುಲಾಬಿ ಹೂವಿನ ಒಂದು ದಿಂಬು. ಎಲೆ ಕಾಣದಷ್ಟು ಹೂ.

"ಇದು ಬೇಕು ಹರಿನಾಥ್. ಇದೇ ಪ್ಲಾಂಟ್. ನೆಲಕ್ಕೆ ಅಂಟಿಕೊಂಡಿರಬೇಕು. ಒಂದು ಗೇಣಿಗಿಂತ ಮೇಲೆ ಏಳಬಾರದು."

ಹರಿನಾಥ ಚಿತ್ರವನ್ನು ದೊಡ್ಡದು ಮಾಡಿ ನೋಡಿದ. "ಸರ್, ಇದು ಆಲ್ಪ್ಸ್ ಬೆಟ್ಟದ್ದಲ್ವಾ? ಅರ್ಧ ವರ್ಷ ಹಿಮದ ಅಡಿಯಲ್ಲಿ ಮಲಗುವ ಗಿಡ. ಇಲ್ಲಿ ಜೂನಲ್ಲಿ ಕಲ್ಲೇ ಸುಡ್ತದೆ. ನಾನು ನಿಮಗೆ ಸುಳ್ಳು ಹೇಳುವುದಿಲ್ಲ ಮಾರಾಯ್ರೆ, ಇಂಥದ್ದು ಏಪ್ರಿಲ್ ದಾಟುವುದಿಲ್ಲ."

"ಫೆಬ್ರವರಿ ಹದಿನೆಂಟಕ್ಕೆ ಹೂ ಇದ್ದರೆ ಸಾಕು."

"ಎಂತ ಉಂಟು ಸರ್ ಆ ದಿನ?"

ವೆಂಕಟಸುಬ್ಬಯ್ಯ ಫೋನನ್ನು ಜೇಬಿಗೆ ಹಾಕಿಕೊಂಡರು.

ಹರಿನಾಥ ಒಂದು ವಾರ ಅದರ ಹಿಂದೆ ಬಿದ್ದ. ಚಿತ್ರದಲ್ಲಿದ್ದ ಗಿಡ ಹಾಲೆಂಡಿನ ಸಸಿ ವ್ಯಾಪಾರಿಯ ಬಳಿಯೂ ಇರಲಿಲ್ಲ. ಅದರ ಹತ್ತಿರದ್ದು ಯಾವುದು ಎಂದು ಹುಡುಕಿದ. ಪಾಚಿಯ ಹಾಗೆ ಹರಡುವ ಫ್ಲಾಕ್ಸ್ ಸಿಕ್ಕಿತು. ಹೂ ಚೆನ್ನ, ಆದರೆ ಬೇರು ಮೇಲುಮೇಲೆ. ನೆಲದ ಮೇಲೆ ತೆವಳುವ ಥೈಮ್ ಇತ್ತು. ಅದು ಮಣ್ಣನ್ನು ಹಿಡಿಯುತ್ತದೆ, ಕಾಲಿಟ್ಟರೂ ಸಾಯುವುದಿಲ್ಲ. ಕಲ್ಲಿನ ಸಂದಿಗೆ ಸೀಡಂ ಎಂಬ ಪುಟ್ಟ ಗಿಡ. ಇಳಿಜಾರು ಉತ್ತರಕ್ಕೆ ಮುಖ ಮಾಡಿದ್ದರಿಂದ ಚಳಿಗಾಲದಲ್ಲಿ ಮನೆಯ ನೆರಳು ಬೀಳುತ್ತಿತ್ತು. ಅದೊಂದೇ ಅನುಕೂಲ. ಇವುಗಳ ಜೊತೆಗೆ, ಬಿಸಿಲಿಗೆ ಬಗ್ಗದ ಊರ ಕಡಲ ದಂಡೆಯ ಅಡುಂಬು ಬಳ್ಳಿಯನ್ನೂ, ಉಪ್ಪುನೀರಿನಲ್ಲೂ ಬದುಕುವ ಸೆಸುವಿಯಂ ಎಂಬ ದಪ್ಪ ಎಲೆಯ ಗಿಡವನ್ನೂ ಒಂದು ಟ್ರೇಯಲ್ಲಿ ಹಿಡಿದುಕೊಂಡು ಹೋದ.

"ಸರ್, ಕೆಳಗಿನ ಅರ್ಧಕ್ಕೆ ಇದನ್ನು ಹಾಕುವಾ. ಬೇಸಗೆಯಲ್ಲಿ ಮಣ್ಣು ಜಾರದ ಹಾಗೆ..."

ವೆಂಕಟಸುಬ್ಬಯ್ಯ ಟ್ರೇಯನ್ನು ಕಿತ್ತುಕೊಂಡು ಗೋಡೆಗೆ ಎಸೆದರು. ಪ್ಲಾಸ್ಟಿಕ್ ಒಡೆದು ಮಣ್ಣು ಅವರಿಬ್ಬರ ಮುಖಕ್ಕೂ ಹಾರಿತು.

"ಇದಲ್ಲ ಅಂತ ಹೇಳಿದ್ನಲ್ರೀ!"

ಆಗ ಅಡುಗೆಮನೆಯ ಕಿಟಕಿಯಲ್ಲಿ ಒಬ್ಬ ಹೆಂಗಸು ಕಂಡರು. ಬಿಳಿಗೂದಲು, ನಿದ್ದೆಯಿಲ್ಲದ ಕಣ್ಣು. ವೆಂಕಟಸುಬ್ಬಯ್ಯನವರ ಹೆಂಡತಿ ಕಾಂತಾ. ಒಡೆದ ಟ್ರೇಯನ್ನು ನೋಡಿ, ಗಂಡನನ್ನು ನೋಡಿ, ಕಿಟಕಿಯ ಗಾಜನ್ನು ಎಳೆದು ಬಡಿದರು. ಚೌಕಟ್ಟು ಅದುರಿತು.

ನವೆಂಬರ್ ಕೊನೆಗೆ ಆರುನೂರು ಸಸಿ ಬಂದವು. ನೆಟ್ಟವನು ರಫೀಕುಲ್. ಸಿಲ್ಹೆಟಿನವನು, ನಲವತ್ತೈದು ದಾಟಿದವನು, ಹನ್ನೊಂದು ವರ್ಷದಿಂದ ಹರಿನಾಥನ ಜೊತೆಗಿದ್ದವನು. ಪಿಕಾಸಿಯಿಂದ ಸುಣ್ಣಕಲ್ಲನ್ನು ಒಡೆದು, ಗುಂಡಿಗೆ ತೋಟದ ಮಣ್ಣು ತುಂಬಿ, ಒಂದೊಂದು ಸಸಿಯನ್ನೂ ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಗುರುವಾರ ಸಂಜೆ ಕೆಲಸ ಮುಗಿಯಿತು. ಶುಕ್ರವಾರ, ಶನಿವಾರ ರಜೆ.

ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಒಂದು ಸಸಿಯೂ ನಿಂತಿರಲಿಲ್ಲ. ಬೆಕ್ಕೋ ನಾಯಿಯೋ ಮಾಡಿದ ಕೆಲಸವಲ್ಲ. ಯಾರೋ ಕುತ್ತಿಗೆ ಹಿಡಿದು ಕಿತ್ತು, ತಿರುಚಿ, ಹಿಮ್ಮಡಿಯಲ್ಲಿ ಅರೆದಿದ್ದರು. ಕಲ್ಲಿನ ಮೇಲೆ ಹಸಿರು ರಸ ಒಣಗಿ ಕಪ್ಪಾಗಿತ್ತು. ರಫೀಕುಲ್ ಕುಕ್ಕರುಗಾಲಲ್ಲಿ ಕೂತು ಅರೆಯದೆ ಉಳಿದ ಬೇರುಗಳನ್ನು ಆರಿಸಿದ. ನೂರು ಸಿಕ್ಕವು. ಉಳಿದದ್ದಕ್ಕೆ ಮತ್ತೆ ತರಿಸಿ ನೆಟ್ಟದ್ದಾಯಿತು.

ಅದರ ಮುಂದಿನ ಭಾನುವಾರ ಇನ್ನೂ ಕೆಟ್ಟದಾಗಿತ್ತು. ಸಸಿಗಳು ಇದ್ದ ಜಾಗದಲ್ಲೇ ಬೆಂದು ನೆಲಕ್ಕೆ ಅಂಟಿದ್ದವು. ಮೇಲಿನಿಂದ ಕೆಳಗೆ ಕುದಿಯುವ ನೀರು ಹರಿದ ಗುರುತು. ಬೇಯಿಸಿದ ಸೊಪ್ಪಿನ ವಾಸನೆ.

ವೆಂಕಟಸುಬ್ಬಯ್ಯ ಆಫೀಸಿಗೆ ಹೊರಟಿದ್ದವರು ಗೇಟಿನ ಬಳಿಯೇ ಕಾರು ನಿಲ್ಲಿಸಿ ಬಂದರು. ನೋಡಿದರು. ರಫೀಕುಲ್ ಆಗಷ್ಟೇ ವ್ಯಾನಿನಿಂದ ಪೈಪು ಇಳಿಸುತ್ತಿದ್ದ. ಹಿಂಬದಿಯ ಗೇಟಿನ ಕೀ ಅವನ ಬಳಿ ಇತ್ತು, ಅಷ್ಟೇ ಸಾಕಾಯಿತು. ಅವನ ಅಂಗಿ ಹಿಡಿದು ರಸ್ತೆಗೆ ಎಳೆದು ಕೆನ್ನೆಗೆ ಬಾರಿಸಿದರು. ಮತ್ತೊಂದು. ಅವನು ಬಗ್ಗಿದಾಗ ಮೊಣಕಾಲಿನಿಂದ ಹೊಟ್ಟೆಗೆ ಗುದ್ದಿದರು.

"ಸಾಬ್, ಮೈನೇ ನಹೀ ಕಿಯಾ! ಅಲ್ಲಾ ಕಸಮ್, ಮೈನೇ ನಹೀ ಕಿಯಾ!"

ಹರಿನಾಥ ಓಡಿಬಂದ. ಅವನಿಗೆ ಯಾರ ವಯಸ್ಸೂ ಹುದ್ದೆಯೂ ಕಾಣಲಿಲ್ಲ. ವೆಂಕಟಸುಬ್ಬಯ್ಯನವರ ಕಾಲರ್ ಹಿಡಿದು ಗೋಡೆಗೆ ದಬ್ಬಿದ. ಅವರ ತಲೆ ಬಡಿಯಿತು, ಕನ್ನಡಕ ಬಿತ್ತು. ಹರಿನಾಥನ ಮುಷ್ಟಿ ಮೇಲೆದ್ದಿತ್ತು. ಪಕ್ಕದ ವಿಲ್ಲಾಗಳ ಇಬ್ಬರು ಡ್ರೈವರುಗಳೂ ವಾಚ್‌ಮನ್ನೂ ಬಂದು ಅವನ ಕೈ ಹಿಡಿದರು. ರಫೀಕುಲ್ ರಸ್ತೆಯಲ್ಲೇ ಕೂತು ಬಾಯಿಯಿಂದ ರಕ್ತ ಉಗುಳಿದ. ಅವನು ಅಳುತ್ತಿದ್ದದ್ದು ನೋವಿಗಲ್ಲ, ನಾಲ್ಕು ಜನರ ಎದುರು ಆದ ಅವಮಾನಕ್ಕೆ.

ಹರಿನಾಥ ತಲೆ ಎತ್ತಿದಾಗ ಮಹಡಿಯ ಕಿಟಕಿಯಲ್ಲಿ ಕಾಂತಾ ನಿಂತಿದ್ದರು. ಬಲಗೈಯ ಮಣಿಕಟ್ಟಿನಿಂದ ಬೆರಳಿನ ತನಕ ಬಿಳಿ ಬ್ಯಾಂಡೇಜು. ಬಿಸಿನೀರು ಬಿದ್ದ ಕೈ. ಅವರ ಕಣ್ಣು ಹರಿನಾಥನ ಕಣ್ಣಿಗೆ ಸಿಕ್ಕಿತು. ಪರದೆ ಎಳೆದುಕೊಂಡರು.

ಹರಿನಾಥ ಮುಷ್ಟಿ ಇಳಿಸಿದ. ರಫೀಕುಲ್‌ನನ್ನು ವ್ಯಾನಿಗೆ ಹತ್ತಿಸಿಕೊಂಡು ಹೊರಟುಬಿಟ್ಟ.

ಮಾಹೂಝಿನ ತನ್ನ ಫ್ಲ್ಯಾಟಿಗೆ ಊಟಕ್ಕೆ ಬಂದಾಗ ಹೆಂಡತಿ ಪಂಕಜಾಕ್ಷಿ ಅಂಗಿಯ ಮೇಲಿನ ರಕ್ತ ನೋಡಿ ಎಲ್ಲವನ್ನೂ ಕೇಳಿ ತಿಳಿದುಕೊಂಡಳು.

"ಹೆಂಗಸು ಮಾಡಿದ್ದು ಅಂತ ನಿಮಗೆ ಗೊತ್ತಾಯ್ತಲ್ಲ. ಮತ್ತೆ ಯಾಕೆ ಹೇಳ್ಲಿಲ್ಲ?"

"ಆ ಮನುಷ್ಯ ಹೊಡೆಯುವುದನ್ನು ನೋಡಿದ್ದೇನೆ. ಅವರಿಗೂ ಹೊಡೆದ್ರೆ?"

"ಹಾಗಾದ್ರೆ ಪೆಟ್ಟು ತಿಂದವನ ಗತಿ ಎಂತ? ಅವನು ಕಳ್ಳನ ಹಾಗೆ ಇರ್ಬೇಕಾ?"

ಹರಿನಾಥ ರಕ್ತದ ಅಂಗಿಯನ್ನು ಬಿಚ್ಚಿ ನೀರಿಗೆ ಹಾಕಿದ.

ಎರಡು ದಿನ ಬಿಟ್ಟು ವೆಂಕಟಸುಬ್ಬಯ್ಯ ನರ್ಸರಿಗೆ ಬಂದರು. ಹಣೆಯ ಪಕ್ಕ ಬಾವು. ಹರಿನಾಥನಿಗೆ "ಸಾರಿ" ಎಂದರು. ನಾಲ್ಕು ಹೆಜ್ಜೆ ಆಚೆ ಗೊಬ್ಬರ ಬೆರೆಸುತ್ತಿದ್ದ ರಫೀಕುಲ್‌ನ ಕಡೆ ತಿರುಗಲಿಲ್ಲ.

"ಕೆಲಸ ಬಿಡಬೇಡಿ ಹರಿನಾಥ್. ನಿಮಗೆ ಕೈ ಮುಗೀತೀನಿ." ಫೋನ್ ತೆಗೆದು ಅದೇ ಚಿತ್ರವನ್ನು ಬೆರಳಿನಿಂದ ಸರಿಸಿ ಪೂರ್ತಿ ತೋರಿಸಿದರು. ಹೂವಿನ ದಿಂಬಿನ ಪಕ್ಕದಲ್ಲಿ ನೀಲಿ ಜಾಕೆಟಿನ ಯುವಕನೊಬ್ಬ ಕೂತು ನಗುತ್ತಿದ್ದ. "ನಮ್ಮ ಸುಮಂತ್. ಒಬ್ಬನೇ ಮಗ. ಇಪ್ಪತ್ನಾಲ್ಕು ವರ್ಷ. ಸ್ವಿಟ್ಜರ್ಲೆಂಡಿನಲ್ಲಿ ಓದ್ತಿದ್ದ. ಈ ಜುಲೈನಲ್ಲಿ ನಾನೂ ಅವನೂ ಬೆಟ್ಟಕ್ಕೆ ಹೋಗಿದ್ವಿ. ಈ ಫೋಟೊ ತೆಗೆದ ಹತ್ತು ನಿಮಿಷಕ್ಕೆ ಜಾರಿಬಿಟ್ಟ. ನಾನು ಇಪ್ಪತ್ತು ಹೆಜ್ಜೆ ಮುಂದಿದ್ದೆ. ಫೆಬ್ರವರಿ ಹದಿನೆಂಟು ಅವನ ಹುಟ್ಟಿದ ದಿನ."

ಹರಿನಾಥ ಬೆಂಚಿನ ಮೇಲೆ ಕೂತ. "ಮೇಡಂಗೆ ಇದು ಬೇಕಾ ಸರ್? ಅಡುಗೆಮನೆ ಕಿಟಕಿ ತೆರೆದ್ರೆ ಇದೇ ಕಾಣ್ತದೆ. ಅವರನ್ನು ಕೇಳಿದ್ದೀರಾ?"

"ಅವಳು ನನ್ನ ಹತ್ತಿರ ಮಾತಾಡ್ತಾ ಇಲ್ಲ. ಐದು ತಿಂಗಳಾಯ್ತು. ಕೈ ಹೇಗೆ ಸುಟ್ಟುಕೊಂಡೆ ಅಂತ ಕೇಳಿದ್ರೂ ಹೇಳಲಿಲ್ಲ."

ಹೇಳಬೇಕಾದದ್ದು ಹರಿನಾಥನ ನಾಲಿಗೆಯ ತುದಿಗೆ ಬಂದಿತ್ತು. ಆಗಲೂ ಅವನು ಹೇಳಲಿಲ್ಲ. ಆ ಮಗನ ನಗು ನೋಡಿ ಒಪ್ಪಿಕೊಂಡ. ರಫೀಕುಲ್‌ಗೆ ಮನಸ್ಸಿರಲಿಲ್ಲ. "ನೀವು ಹೇಳಿದ್ದಕ್ಕೆ ಬರ್ತೇನೆ ಭಾಯಿ. ಅವರ ಮುಖ ನೋಡುವುದಿಲ್ಲ," ಎಂದು ಹಿಂದಿಯಲ್ಲಿ ಹೇಳಿದ.

ಈ ಸಲ ಸಸಿಗಳನ್ನು ನರ್ಸರಿಯಲ್ಲೇ ಬೆಳೆಸಿ, ಮೊಗ್ಗು ಬಿಟ್ಟ ಮೇಲೆ ಒಯ್ದರು. ಫೆಬ್ರವರಿ ಹದಿನೇಳರಂದು ಇಡೀ ದಿನ ನೆಟ್ಟರು. ಹದಿನೆಂಟರ ಬೆಳಿಗ್ಗೆ ಕೊನೆಯ ಸಾಲು ಬಾಕಿ ಇತ್ತು. ಎಂಟು ಗಂಟೆಗೆ ಬಿಸಿಲು ತಗುಲಿದಾಗ ಇಳಿಜಾರು ಗುಲಾಬಿ, ನೇರಳೆ, ಬಿಳಿ. ನಿಜವಾಗಿಯೂ ಚೆನ್ನಾಗಿತ್ತು. ಹರಿನಾಥ ತನ್ನ ಕೆಲಸದಲ್ಲಿ ಅಂಥದ್ದನ್ನು ಹಿಂದೆಂದೂ ಮಾಡಿರಲಿಲ್ಲ.

ವೆಂಕಟಸುಬ್ಬಯ್ಯ ಸ್ನಾನ ಮಾಡಿ ಪಂಚೆ ಉಟ್ಟು ಬಂದು ಇಳಿಜಾರಿನ ನಡುವೆ ನಿಂತರು. ಮನೆಯ ಕಡೆ ತಿರುಗಿ ಕರೆದರು. "ಕಾಂತಾ! ಬಾ ಇಲ್ಲಿ. ಒಂದೇ ಸಲ ಬಂದು ನೋಡು!"

ಕಾಂತಾ ಬಂದರು. ನಲ್ಲಿಯ ಬಳಿ ರಫೀಕುಲ್ ಒರಗಿಸಿಟ್ಟಿದ್ದ ಪಿಕಾಸಿಯನ್ನು ಎತ್ತಿಕೊಂಡೇ ಬಂದರು.

ಮೊದಲ ಏಟಿಗೆ ಥೈಮಿನ ಸಾಲು ಹಾರಿತು. ಎರಡನೆಯದಕ್ಕೆ ಕಲ್ಲಿನಿಂದ ಕಿಡಿ ಬಂತು. ಅವರು ಮಾತಾಡುತ್ತಿರಲಿಲ್ಲ. ಹಲ್ಲು ಕಚ್ಚಿ ಉಸಿರು ಎಳೆದುಕೊಂಡು ಬಡಿಯುತ್ತಿದ್ದರು. ಹೂ, ಬೇರು, ಮಣ್ಣು ಅವರ ಸೀರೆಗೆ, ಬಿಳಿಗೂದಲಿಗೆ ಸಿಡಿದವು.

"ಮೇಡಂ, ಬೇಡ! ಪೆಟ್ಟಾಗ್ತದೆ!" ಹರಿನಾಥ ಕೆಳಗಿನಿಂದ ಕೂಗಿದ.

ವೆಂಕಟಸುಬ್ಬಯ್ಯ ಹೆಂಡತಿಯನ್ನು ಹಿಂದಿನಿಂದ ಹಿಡಿದರು. "ನೀನಾ? ಇಷ್ಟು ದಿನ ಮಾಡಿದ್ದು ನೀನಾ?"

"ಅವನನ್ನ ಕೊಂದ ಜಾಗವನ್ನ ನನ್ನ ಕಣ್ಣೆದುರಿಗೆ ತಂದು ಹಾಕ್ತೀಯಾ? ನಾನು ದಿನಾ ಅಲ್ಲಿ ನಿಂತು ಅನ್ನ ಮಾಡಬೇಕಾ?" ಮೂವತ್ತು ವರ್ಷ ಗಂಡನನ್ನು ಬಹುವಚನದಲ್ಲಿ ಕರೆದಿದ್ದ ಬಾಯಿ ಅಂದು ಏಕವಚನಕ್ಕೆ ಇಳಿದಿತ್ತು. "ಬಿಡು! ಬಿಡು ನನ್ನ!"

ಮೊಣಕೈಯಿಂದ ಅವರ ಎದೆಗೆ ತಿವಿದು ಬಿಡಿಸಿಕೊಂಡರು. ತಿರುಗುತ್ತಲೇ ಪಿಕಾಸಿಯನ್ನು ಬೀಸಿದರು. ಮೊನೆ ಎಡ ಭುಜದೊಳಕ್ಕೆ ಹೊಕ್ಕಿತು. ಮೂಳೆ ಮುರಿದ ಸದ್ದು ಕೆಳಗಿದ್ದ ಹರಿನಾಥನಿಗೂ ಕೇಳಿಸಿತು. ವೆಂಕಟಸುಬ್ಬಯ್ಯ ಒಂದು ಹೆಜ್ಜೆ ಹಿಂದಿಟ್ಟರು, ಒದ್ದೆ ಮಣ್ಣಿನಲ್ಲಿ ಕಾಲು ಜಾರಿತು. ಹೂಗಳ ಮೇಲೆ ಉರುಳುತ್ತಾ, ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಾ, ಹಿಡಿದದ್ದೆಲ್ಲ ಬೇರುಸಹಿತ ಕಿತ್ತುಬರುತ್ತಾ ಕೆಳಗಿನ ಗೋಡೆಗೆ ಬಂದು ಬಡಿದರು.

ರಫೀಕುಲ್ ಎಲ್ಲರಿಗಿಂತ ಮೊದಲು ಓಡಿದ. ತಾನು ಮುಖ ನೋಡುವುದಿಲ್ಲ ಎಂದಿದ್ದ ಮನುಷ್ಯನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ತನ್ನ ತಲೆಯ ಬಟ್ಟೆಯನ್ನು ಗಾಯಕ್ಕೆ ಒತ್ತಿ ಹಿಡಿದ. ಬಟ್ಟೆ ಒಂದೇ ಕ್ಷಣದಲ್ಲಿ ಕೆಂಪಾಯಿತು. ಹರಿನಾಥ ಆಂಬುಲೆನ್ಸಿಗೆ ಫೋನ್ ಮಾಡಿದ.

ಮೇಲೆ ಕಾಂತಾ ನಿಂತೇ ಇದ್ದರು. ಪಿಕಾಸಿ ಕೈಯಿಂದ ಬಿದ್ದಿತ್ತು. ಗಂಡ ಉರುಳಿಹೋದ ದಾರಿಯನ್ನು ನೋಡುತ್ತಾ, ಗಂಟಲು ಹರಿಯುವ ಹಾಗೆ ಕೂಗಿದರು.

"ಹೀಗೇನಾ ಅವನು ಬಿದ್ದದ್ದು? ಹೇಳು, ಹೀಗೇನಾ?"

ಆಸ್ಪತ್ರೆಯಲ್ಲಿ ಭುಜಕ್ಕೆ ಹೊಲಿಗೆ ಹಾಕಿ, ತಲೆಗೆ ಪಟ್ಟಿ ಕಟ್ಟಿದರು. ಕೊರಳೆಲುಬು ಎರಡು ತುಂಡಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಪೊಲೀಸ್ ಅಧಿಕಾರಿಯೊಬ್ಬರು ಬಂದರು. ಮೆಲುದನಿಯ ಮನುಷ್ಯ. ಇಂಗ್ಲಿಷಿನಲ್ಲಿ ಕೇಳಿದರು, ಏನಾಯಿತು ಎಂದು.

"ಬಿದ್ದೆ," ಎಂದರು ವೆಂಕಟಸುಬ್ಬಯ್ಯ. "ತೋಟದಲ್ಲಿ ಕಾಲು ಜಾರಿತು."

ಡಾಕ್ಟರು ತಲೆ ಅಲ್ಲಾಡಿಸಿದರು. ಇದು ಬಿದ್ದ ಗಾಯವಲ್ಲ, ಕಬ್ಬಿಣ ಹೊಕ್ಕ ಗಾಯ. ಅಧಿಕಾರಿ ಸುತ್ತ ನೋಡಿದರು. ಬಾಗಿಲ ಬಳಿ ರಫೀಕುಲ್ ನಿಂತಿದ್ದ. ಅಂಗಿ, ಕೈ, ಗಡ್ಡದ ತನಕ ರಕ್ತ. ಪಿಕಾಸಿ ಯಾರದು ಎಂದು ಕೇಳಿದರು. ನನ್ನದು ಎಂದ ಅವನು. ಹಿಂದೆ ನಿಮ್ಮಿಬ್ಬರಿಗೆ ಜಗಳ ಆಗಿತ್ತೇ ಎಂದು ಕೇಳಿದರು. ಅವನು ಜೇಬಿನಿಂದ ತೆಗೆದ ಗುರುತಿನ ಕಾರ್ಡು ಕೈಜಾರಿ ನೆಲಕ್ಕೆ ಬಿತ್ತು.

ಹರಿನಾಥ ಮುಂದೆ ಬಂದ. ಈ ಸಲ ಸುಮ್ಮನಿರಲಾರೆ ಎಂದು ನಿರ್ಧರಿಸಿದ್ದ. ಆದರೆ ಅವನು ಬಾಯಿ ತೆರೆಯುವ ಮೊದಲೇ ಮೂಲೆಯ ಕುರ್ಚಿಯಿಂದ ಕಾಂತಾ ಎದ್ದರು.

"ಹೊಡೆದದ್ದು ನಾನು. ಅವರು ನನ್ನ ಗಂಡ. ಈ ಮನುಷ್ಯ ರಕ್ತ ನಿಲ್ಲಿಸಿದವನು. ಹಿಂದೆಯೂ ಗಿಡ ಕಿತ್ತವಳು ನಾನೇ, ಬಿಸಿನೀರು ಹಾಕಿದವಳೂ ನಾನೇ. ಏಟು ಅವನಿಗೆ ಬಿತ್ತು. ನಾನು ಮಹಡಿಯ ಮೇಲೆ ನಿಂತು ನೋಡಿದೆ." ಇಂಗ್ಲಿಷಿನಲ್ಲಿ ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

ಅಧಿಕಾರಿ ಬಗ್ಗಿ ಕಾರ್ಡು ಎತ್ತಿ ರಫೀಕುಲ್‌ಗೆ ಕೊಟ್ಟರು.

ಆಗ ವೆಂಕಟಸುಬ್ಬಯ್ಯ ಹಾಸಿಗೆಯಿಂದ ಮಾತಾಡಿದರು. ಕನ್ನಡದಲ್ಲಿ, ಹೆಂಡತಿಗೆ. "ಕಾಂತಾ, ನಾನು ಮುಂದೆ ಇರಲಿಲ್ಲ."

"ಏನು?"

"ಇಪ್ಪತ್ತು ಹೆಜ್ಜೆ ಮುಂದೆ ಇರಲಿಲ್ಲ. ಅವನ ಪಕ್ಕದಲ್ಲೇ ಇದ್ದೆ. ಆ ಹುಲ್ಲಿನ ದಾರಿಯಲ್ಲಿ ಇಳಿಯೋಣ ಅಂದವನೂ ನಾನೇ. ಜಾರಿದಾಗ ಅವನ ಕೈ ನನಗೆ ಸಿಕ್ಕಿತ್ತು. ಹಿಡಿದುಕೊಂಡೆ. ನಾನೂ ಜಾರೋಕೆ ಶುರುವಾಯ್ತು. ಭಯ ಆಯ್ತು. ಬಿಟ್ಟುಬಿಟ್ಟೆ."

ಕಾಂತಾ ಹಾಸಿಗೆಯ ಬಳಿ ಬಂದರು. ಬ್ಯಾಂಡೇಜು ಸುತ್ತಿದ ಭುಜದ ಮೇಲೆ ಅಂಗೈ ಇಟ್ಟು, ಮೈಯ ಭಾರವನ್ನೆಲ್ಲ ಹಾಕಿ ಒತ್ತಿದರು. ವೆಂಕಟಸುಬ್ಬಯ್ಯ ಕಿರುಚಿದರು, ಆದರೆ ಕೈಯನ್ನು ತಳ್ಳಲಿಲ್ಲ. ನರ್ಸ್ ತೆರೇಸಾ, ಉಡುಪಿ ಕಡೆಯವಳು, ಓಡಿಬಂದು ಸೊಂಟ ಹಿಡಿದು ಹಿಂದಕ್ಕೆ ಎಳೆದಳು. "ಬಿಡಿ ಅಮ್ಮ, ಹೊಲಿಗೆ ಬಿಚ್ಚಿ ಹೋಗ್ತದೆ! ಬಿಡಿ!"

ಕಾಂತಾ ನೆಲದ ಮೇಲೆ ಕುಸಿದು ಕೂತರು. ಅಲ್ಲಿಂದಲೇ ಕೇಳಿದರು. "ಅವನು ಏನಾದರೂ ಅಂದನಾ?"

"ಅಪ್ಪಾ ಅಂದ."

ಅಧಿಕಾರಿಗೆ ಭಾಷೆ ಗೊತ್ತಿರಲಿಲ್ಲ. ಆದರೂ ಅವರು ಟೋಪಿಯನ್ನು ಕೈಯಲ್ಲಿ ಹಿಡಿದು ಬಾಗಿಲ ಆಚೆ ಹೋಗಿ ಕಾದು ನಿಂತರು. ಸ್ವಲ್ಪ ಹೊತ್ತಿಗೆ ಕಾಂತಾ ತಾವೇ ಎದ್ದು, ಮುಖ ತೊಳೆದುಕೊಂಡು, ಅವರ ಹಿಂದೆ ನಡೆದರು.

ತಮ್ಮದೇನೂ ದೂರಿಲ್ಲ ಎಂದು ವೆಂಕಟಸುಬ್ಬಯ್ಯ ಬರೆದು ಸಹಿ ಹಾಕಿಕೊಟ್ಟ ಮೇಲೆ, ಮೂರನೆಯ ದಿನ ಪೊಲೀಸರು ಕಾಂತಾ ಅವರನ್ನು ಬಿಟ್ಟರು. ಸ್ಟೇಷನ್ನಿನಿಂದ ಕರೆತರಲು ಪಂಕಜಾಕ್ಷಿ ಹೋಗಿದ್ದಳು. ವಾರಗಟ್ಟಲೆ ಆ ಮನೆಯಲ್ಲಿ ಇಬ್ಬರೂ ಬೇರೆಬೇರೆ ಕೋಣೆಯಲ್ಲಿದ್ದರು. ಕಾಂತಾ ಗಂಡನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದರು, ಅಲುಗಿದರೆ ಮುರಿದ ಎಲುಬು ಚುಚ್ಚಿ ಅವರಿಗೆ ಬಾಗಿ ಉಣ್ಣಲು ಆಗುತ್ತಿರಲಿಲ್ಲ. ತಿನ್ನಿಸುವಾಗ ಒಮ್ಮೊಮ್ಮೆ ತಟ್ಟೆಯನ್ನು ಗೋಡೆಗೆ ಎಸೆಯುತ್ತಿದ್ದರು, ಆಮೇಲೆ ಅವರೇ ಒರೆಸಿ ಮತ್ತೆ ಬಡಿಸುತ್ತಿದ್ದರು. ಅದನ್ನೆಲ್ಲ ಅವರೇ ಪಂಕಜಾಕ್ಷಿಗೆ ಹೇಳಿದ್ದು.

ಇಳಿಜಾರು ಬೋಳಾಗಿ ಬಿದ್ದಿತ್ತು. ಮಾರ್ಚಿನ ಒಂದು ಮಳೆಗೆ ಮಣ್ಣು ಗೋಡೆಯ ತನಕ ಜಾರಿತು. ಹರಿನಾಥ ಕೇಳಿದಾಗ ಕಾಂತಾ ಹೇಳಿದರು, "ಹೂ ಬಿಡದೇ ಇರೋದು ಏನಾದರೂ ಹಾಕಿ. ಮಣ್ಣು ನಿಂತರೆ ಸಾಕು." ಅವನು ಸೆಸುವಿಯಂ ತುಂಡುಗಳನ್ನು ಕೊಟ್ಟು ಕಳಿಸಿದ; ಅದೂ ಹೂ ಬಿಡುತ್ತದೆ, ಉಗುರಿನಷ್ಟು ಚಿಕ್ಕದು, ಎಂದು ಹೇಳಿಯೇ ಕಳಿಸಿದ. ಅವರು ಬೇಡ ಎನ್ನಲಿಲ್ಲ. ನೆಡಲು ರಫೀಕುಲ್ ಹೋಗಲಿಲ್ಲ, ಬೇರೆಯವರು ಹೋದರು.

ಏಪ್ರಿಲಿನಲ್ಲಿ ಗಂಡ ಹೆಂಡತಿ ಇಬ್ಬರೂ ನರ್ಸರಿಗೆ ಬಂದರು. ವೆಂಕಟಸುಬ್ಬಯ್ಯನವರ ಎಡಗೈ ಜೋಲಿಯಲ್ಲಿತ್ತು. ಮತ್ತೆ ತಲೆಯ ಮೇಲಕ್ಕೆ ಏಳುವುದಿಲ್ಲ ಎಂದಿದ್ದರು ಡಾಕ್ಟರು. ಅವರು ನೇರವಾಗಿ ರಫೀಕುಲ್‌ನ ಬಳಿ ಹೋಗಿ, ಬಾರದ ಹಿಂದಿಯಲ್ಲಿ, ತಪ್ಪಾಯಿತು ಎಂದರು. ಒಂದು ಲಕೋಟೆಯನ್ನೂ ಮುಂದೆ ಹಿಡಿದರು.

ರಫೀಕುಲ್ ಲಕೋಟೆಯನ್ನು ಮುಟ್ಟಲಿಲ್ಲ. ಕೈಯ ಮಣ್ಣು ಒರೆಸಿಕೊಂಡು, ಹರಿನಾಥನ ಕಡೆ ತಿರುಗಿ ಹೇಳಿದ. "ಭಾಯಿ, ಇವರಿಗೆ ಹೇಳಿ. ನನ್ನನ್ನು ಹೊಡೆದದ್ದು ಇಲ್ಲಲ್ಲ. ರಸ್ತೆಯಲ್ಲಿ. ವಾಚ್‌ಮನ್ ನೋಡಿದ, ಇಬ್ಬರು ಡ್ರೈವರು ನೋಡಿದ್ರು. ಅವರು ನಮ್ಮೂರಿನ ಬದಿಯವರು. ಊರಿಗೂ ಸುದ್ದಿ ಹೋಗಿದೆ, ರಫೀಕುಲ್ ಸಾಹೇಬರ ತೋಟ ಹಾಳು ಮಾಡಿ ಏಟು ತಿಂದ ಅಂತ. ಹೇಳುವುದಾದ್ರೆ ಅಲ್ಲಿ ಹೇಳಲಿ."

ಹರಿನಾಥ ಕನ್ನಡದಲ್ಲಿ ಹೇಳಿದ. ವೆಂಕಟಸುಬ್ಬಯ್ಯನವರ ಮುಖ ಕೆಂಪೇರಿತು. ಒಂದು ಕ್ಷಣ ಅವರ ಬಲಗೈ ಮುಷ್ಟಿಯಾದದ್ದನ್ನು ಹರಿನಾಥ ನೋಡಿದ, ಒಂದು ಹೆಜ್ಜೆ ಮುಂದಿಟ್ಟ. ಕಾಂತಾ ಗಂಡನ ಮುಷ್ಟಿಯನ್ನು ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

"ನಡೀರಿ. ಈಗಲೇ ಹೋಗೋಣ," ಎಂದರು. "ನಾನೂ ಹೇಳೋದಿದೆ."

ನಾಲ್ವರೂ ರಿಫಾಕ್ಕೆ ಹೋದರು. ಹನ್ನೊಂದು ಗಂಟೆಯ ಬಿಸಿಲು. ವಾಚ್‌ಮನ್ ಬಂದ, ಇಬ್ಬರು ಡ್ರೈವರುಗಳಲ್ಲಿ ಒಬ್ಬ ಕಾರು ತೊಳೆಯುತ್ತಿದ್ದವನು ಹಾಗೆಯೇ ಬಂದ, ಇನ್ನೊಬ್ಬನನ್ನು ಕರೆಸಿದರು. ವೆಂಕಟಸುಬ್ಬಯ್ಯ ರಸ್ತೆಯ ನಡುವೆ ನಿಂತು, ಇವನು ಏನೂ ಮಾಡಿರಲಿಲ್ಲ, ಸುಮ್ಮನೆ ಹೊಡೆದೆ, ನನ್ನ ಜೀವ ಉಳಿಸಿದವನು ಇವನು ಎಂದು ಹೇಳಿದರು. ಹಾಳು ಮಾಡಿದ್ದು ನಾನು ಎಂದು ಕಾಂತಾ ಹೇಳಿದರು. ಡ್ರೈವರುಗಳು ನೆಲ ನೋಡಿದರು. ವಾಚ್‌ಮನ್ ರಫೀಕುಲ್‌ನ ಹೆಗಲ ಮೇಲೆ ಕೈ ಹಾಕಿದ.

ರಫೀಕುಲ್ ಕ್ಷಮಿಸಿದೆ ಎನ್ನಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಒಮ್ಮೆ ತಲೆಯಾಡಿಸಿದ. ವ್ಯಾನಿನ ಬಾಗಿಲು ತೆರೆದು ಹತ್ತಿ ಕೂತು ಬೆಲ್ಟು ಹಾಕಿಕೊಂಡ.

"ಚಲೋ ಭಾಯಿ," ಎಂದ ಹರಿನಾಥನಿಗೆ. "ಗುಫೂಲ್‌ನ ತೋಟದಲ್ಲಿ ಕೆಲಸದವರು ಕಾಯ್ತಿದ್ದಾರೆ."